ಕಟ್ಟೆ ಮತ್ತು ಕಾಂಡ್ಲ: ಅಘನಾಶಿನಿ ಅಳಿವೆಯ ಚರಿತ್ರೆಯೊಂದು

ಕರಾವಳಿ ಕರ್ನಾಟಕದ ಚರಿತ್ರೆಯು ಬಹುಮಟ್ಟಿಗೆ ಬಂದರು ಮತ್ತು ಮೆಣಸಿನ ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. ಅಘನಾಶಿನಿ ನದಿಯ ದಡದ ಮಿರ್ಜಾನ ಕೋಟೆಯನ್ನೂ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನೂ ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಅದೇ ನದಿಯ ಅಳಿವೆಯಲ್ಲಿರುವ ಕಾಂಡ್ಲವನಗಳ ಕಡೆಗೆ ಚರಿತ್ರಕಾರರ ಲಕ್ಷ್ಯ ಹರಿದುದು ಕಡಿಮೆ.

ಗ್ರೇಟರ್ ನೋಯ್ಡಾದಂತಹ ಒಳನಾಡಿನ ಸಂಶೋಧಕರಿಗೆ ಕಾಂಡ್ಲವೆಂಬ ಪದ ಅಪರಿಚಿತವಾಗಿರಬಹುದು. ನದಿಯ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ಕೆಸರಿನಲ್ಲಿ ಬೆಳೆಯುವ ಮರಗಳಿಗೆ ನಮ್ಮ ಕರಾವಳಿಯಲ್ಲಿ ಈ ಹೆಸರಿದೆ. ಇವುಗಳಲ್ಲಿ ಕೆಲವು ಜಾತಿಗಳ ಬೇರುಗಳು ಉಸಿರಾಟಕ್ಕಾಗಿ ಕೆಸರಿನಿಂದ ಮೇಲೆದ್ದು ನಿಲ್ಲುತ್ತವೆ. ಮತ್ತೆ ಕೆಲವುಗಳ ಬೀಜವು ತಾಯಿಮರದಲ್ಲಿರುವಾಗಲೇ ಮೊಳೆಯುತ್ತದೆ. ಮೀನು, ಸೀಗಡಿಗಳ ಮರಿಗಳಿಗೆ ಈ ಬೇರುಗಳ ಸಂದಿಯೇ ಆಸರೆ.

ಕುಮಟಾ ತಾಲ್ಲೂಕಿನಲ್ಲಿ ಅಳಿವೆಯಂಚಿನ ತಗ್ಗು ಗದ್ದೆಗಳನ್ನು ಗಜನಿ ಎನ್ನುತ್ತಾರೆ. ಮಳೆಗಾಲದಲ್ಲಿ ಅಲ್ಲಿ ಉಪ್ಪನ್ನು ತಾಳಬಲ್ಲ ಕಗ್ಗ ಭತ್ತವನ್ನು ಬೆಳೆಯುತ್ತಿದ್ದರು. ಕೊಯ್ಲಾದ ಮೇಲೆ ತೂಬುಗಳನ್ನು ತೆರೆದು ಉಬ್ಬರದ ನೀರನ್ನು ಒಳಬಿಟ್ಟು ಮೀನು, ಸೀಗಡಿ ಹಿಡಿಯುತ್ತಿದ್ದರು. ಗದ್ದೆಗೂ ಅಳಿವೆಗೂ ನಡುವೆ ಇದ್ದುದು ಮಣ್ಣಿನ ಕಟ್ಟೆ. ಊರವರು ಕೂಡಿ ಅದನ್ನು ದುರಸ್ತಿ ಮಾಡುತ್ತಿದ್ದರು. ಕಟ್ಟೆಯ ಹೊರಮೈಯ ಕಾಂಡ್ಲಗಳು ಅಲೆಯ ಹೊಡೆತವನ್ನು ತಡೆಯುತ್ತಿದ್ದವು. ಮರವನ್ನು ಉಳಿಸಿಕೊಳ್ಳುವುದು ಬೇಸಾಯದ ಒಂದು ಅಂಗವೇ ಆಗಿತ್ತೆಂದು ಇದರಿಂದ ತಿಳಿದುಬರುತ್ತದೆ.

1970ರ ದಶಕದಲ್ಲಿ ಸರಕಾರವು ಶಾಶ್ವತವಾದ ಕಲ್ಲಿನ ಕಟ್ಟೆಗಳನ್ನು ನಿರ್ಮಿಸಿತು. ಕಟ್ಟೆಗೆ ಕಾಂಡ್ಲದ ರಕ್ಷಣೆ ಬೇಡವಾಯಿತು. ಊರವರ ಕೂಡುದುಡಿಮೆಯೂ ಸಡಿಲಗೊಂಡಿತು. ಮುಂದೆ ಸೀಗಡಿ ಕೃಷಿ ಲಾಭದಾಯಕವೆನಿಸಲು ಅನೇಕ ಗಜನಿಗಳು ಕೊಳಗಳಾಗಿ ಮಾರ್ಪಟ್ಟವು, ಕಗ್ಗದ ಬೇಸಾಯ ಕುಗ್ಗಿತು.

ರಕ್ಷಣೆಯ ಕ್ರಮಗಳು ಅನಂತರದವು. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಕಾಂಡ್ಲವನಗಳನ್ನು ಅತಿಸೂಕ್ಷ್ಮ ವಲಯಕ್ಕೆ ಸೇರಿಸಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಲಯದಲ್ಲಿ ಸೀಗಡಿ ಕೊಳಗಳ ನಿರ್ಮಾಣವನ್ನು ನಿರ್ಬಂಧಿಸಿತು. ಅರಣ್ಯ ಇಲಾಖೆಯು ಕಾಂಡ್ಲ ಸಸಿಗಳನ್ನು ನೆಡಿಸಿತು. 2024ರಲ್ಲಿ 4,801 ಹೆಕ್ಟೇರಿನ ಅಘನಾಶಿನಿ ಅಳಿವೆ ರಾಮ್ಸಾರ್ ತಾಣವೆಂದು ಘೋಷಿತವಾಯಿತು. 2021ರ ಅರಣ್ಯ ಸ್ಥಿತಿ ವರದಿಯಂತೆ ದೇಶದ 4,992 ಚದರ ಕಿಲೋಮೀಟರ್ ಕಾಂಡ್ಲವನದಲ್ಲಿ ಕರ್ನಾಟಕದ ಪಾಲು ಕೇವಲ 13 ಎಂಬುದನ್ನು ನೆನೆದರೆ ಈ ಮನ್ನಣೆಯ ಮಹತ್ವ ಮನದಟ್ಟಾಗುತ್ತದೆ.

ಆದರೂ ಗಜನಿ, ಕಗ್ಗ, ಕಾಂಡ್ಲ ಎಂಬ ಮೂರು ಪದಗಳು ಒಂದೇ ವ್ಯವಸ್ಥೆಗೆ ಸೇರಿದವೆಂಬುದನ್ನು ನಾವು ಮರೆಯಲಾಗದು. ಸಸಿ ನೆಡುವುದರಿಂದ ಮರ ಮರಳೀತು. ಕಟ್ಟೆಯನ್ನು ಕಾಯುತ್ತಿದ್ದವರ ತಿಳಿವಳಿಕೆ ಮರಳದು. ಮಾಣಿಕಟ್ಟದಂತಹ ಊರುಗಳಲ್ಲಿ ಕಗ್ಗ ಬೆಳೆದ ಹಿರಿಯರಿಂದ ಈ ತಿಳಿವಳಿಕೆಯನ್ನು ಬರೆದಿಟ್ಟುಕೊಳ್ಳುವ ಕಾರ್ಯವನ್ನು ಸಂಶೋಧಕರು ತಡವಿಲ್ಲದೆ ಕೈಗೊಳ್ಳಬೇಕಾಗಿದೆ.