ಎರೆಭೂಮಿ, ಸುಣ್ಣಕಲ್ಲು ಮತ್ತು ಉಪಗ್ರಹ: ಸೇಡಂ–ಚಿತ್ತಾಪುರ ಸೀಮೆಯ ಭೂವೀಕ್ಷಣೆಯ ಚರಿತ್ರೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿಗಳ ಸೀಮೆಯಲ್ಲಿ ಮೇಲಿನ ಎರೆಮಣ್ಣು ತೊಗರಿಗೆ ಆಸರೆಯಾದರೆ, ಅದರಡಿಯಲ್ಲಿ ಹಲವೆಡೆ ಹರಡಿರುವ, ಭೂವಿಜ್ಞಾನಿಗಳು ಭೀಮಾ ಸಮೂಹಕ್ಕೆ ಸೇರಿಸುವ ಸುಣ್ಣಕಲ್ಲು ಸಿಮೆಂಟು ಕಾರ್ಖಾನೆಗಳಿಗೂ ಮನೆಗಳಿಗೆ ಹಾಸುವ ಶಹಾಬಾದಿ ಫರಸಿಗೂ ಒದಗುತ್ತದೆ. ಈ ನೆಲದ ಮೇಲಿನ ಉಪಗ್ರಹ ನಿಗಾ ಬೆಳೆಯಿಂದ ಆರಂಭವಾಯಿತು. ಗಣಿಯ ಕಡೆಗೆ ಅದು ತಿರುಗಿದ್ದು ಬಹಳ ತಡವಾಗಿ.

ಹೈದರಾಬಾದಿನಲ್ಲಿ 1974ರಲ್ಲಿ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ, ಬೆಂಗಳೂರಿನಲ್ಲಿ 1986ರಲ್ಲಿ ರಾಜ್ಯದ ದೂರಸಂವೇದಿ ಕೇಂದ್ರ ಸ್ಥಾಪನೆಗೊಂಡವು. 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ ಐಆರ್‌ಎಸ್–1ಎ ದೇಶಕ್ಕೆ ಸ್ವಂತ ಚಿತ್ರಗಳನ್ನು ಒದಗಿಸತೊಡಗಿತು. ಆದರೆ 1989ರಲ್ಲಿ ಆರಂಭವಾದ ರಾಷ್ಟ್ರೀಯ ಕೃಷಿ ಬರ ನಿಗಾ ವ್ಯವಸ್ಥೆ ಮೊದಲು ನೆಚ್ಚಿಕೊಂಡದ್ದು ಅಮೆರಿಕದ ನೋವಾ ಹವಾಮಾನ ಉಪಗ್ರಹಗಳನ್ನು. ಹಸಿರೆಲೆ ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೆಚ್ಚಾಗಿ ಹಿಂದಿರುಗಿಸುತ್ತದೆ. ಇವೆರಡರ ಅಂತರದಿಂದ ಲೆಕ್ಕಹಾಕುವ ‘ಸಸ್ಯ ಸೂಚ್ಯಂಕ’ವೇ ಬರದ ಅಳತೆಗೋಲಾಯಿತು. ನೋವಾ ಚಿತ್ರದ ಒಂದು ಚುಕ್ಕಿಗೆ 1.1 ಕಿ.ಮೀ. ಉದ್ದಗಲವಿದ್ದು, ಸುಮಾರು ಮುನ್ನೂರು ಎಕರೆಯ ತೊಗರಿ, ಅದರ ಅಕ್ಕಡಿ ಸಾಲಿನ ಹೆಸರು, ಬದುವಿನ ಜಾಲಿ, ಹಳ್ಳದ ನೀರು ಎಲ್ಲವೂ ಒಂದೇ ಅಂಕಿಯಲ್ಲಿ ಬೆರೆತುಹೋಗುತ್ತಿದ್ದುದರಿಂದ ಜಿಲ್ಲೆಯ ಮಟ್ಟಕ್ಕಿಂತ ಕೆಳಗಿಳಿಯುವುದು ಕಷ್ಟವಾಗಿತ್ತು. 2003ರ ರಿಸೋರ್ಸ್‌ಸ್ಯಾಟ್–1 ಈ ಚುಕ್ಕಿಯನ್ನು 56 ಮೀಟರಿಗೆ, ಅಂದರೆ ಎಕರೆಯ ಮುಕ್ಕಾಲು ಪಾಲಿಗೆ ಇಳಿಸಿದ ಬಳಿಕ ಸೇಡಂ ತಾಲ್ಲೂಕಿನ ಬೆಳೆಯನ್ನು ಚಿತ್ತಾಪುರದಿಂದ ಬೇರ್ಪಡಿಸಿ ನೋಡುವುದು ಸುಲಭವಾಯಿತು.

ತೊಗರಿ ಈ ವಿಧಾನಕ್ಕೆ ಒಂದು ರೀತಿಯಲ್ಲಿ ಅನುಕೂಲದ ಬೆಳೆ. ಮುಂಗಾರಿನ ಮೋಡ ಸಾಧಾರಣ ಕ್ಯಾಮೆರಾಗಳಿಗೆ ಅಡ್ಡ ಬರುತ್ತದೆ. ಹೆಸರು, ಉದ್ದು ರಾಶಿಯಾಗಿ ಹೋದ ಮೇಲೂ ಹೊಲದಲ್ಲಿ ನಿಂತಿರುವ ತೊಗರಿ, ಮೋಡ ಸರಿದ ನವೆಂಬರಿನ ಕೃತಕ ಬಣ್ಣದ ಚಿತ್ರದಲ್ಲಿ ಕೆಂಪಾಗಿ ಎದ್ದು ಕಾಣುತ್ತದೆ. ಆದರೆ ಸೂಚ್ಯಂಕ ಕುಸಿದದ್ದು ಮಳೆಯ ಅಭಾವದಿಂದಲೋ ನೆಟೆರೋಗದಿಂದಲೋ ಎಂಬುದನ್ನು ಅದೊಂದೇ ಹೇಳಲಾರದು. ಬರ ಘೋಷಣೆಗೆ ಮಳೆ, ಬಿತ್ತನೆ, ತೇವಾಂಶಗಳ ಜೊತೆ ಹೊಲದಲ್ಲಿಳಿದು ಮಾಡುವ ಪರಿಶೀಲನೆಯನ್ನೂ ಕೇಂದ್ರದ 2016ರ ಬರ ಕೈಪಿಡಿ ಸೇರಿಸಿದ್ದು ಸರಿಯಾಗಿಯೇ ಇದೆ.

ಗಣಿಗಾರಿಕೆಯ ಉಪಗ್ರಹ ನಿಗಾ ವ್ಯವಸ್ಥೆ ಜಾರಿಗೆ ಬಂದದ್ದು 2016ರ ಅಕ್ಟೋಬರಿನಲ್ಲಿ. ಗಣಿ ಗುತ್ತಿಗೆಯ ಗಡಿಯಿಂದ 500 ಮೀಟರ್ ವ್ಯಾಪ್ತಿಯಲ್ಲಿ ನೆಲದ ರೂಪ ಬದಲಾದರೆ ಅದು ‘ಸೂಚನೆ’ಯಾಗಿ ಹೊರಬಿದ್ದು, ಅಧಿಕಾರಿಗಳು ಸ್ಥಳಕ್ಕೆ ಹೋಗಿ ನೋಡಬೇಕಾಗುತ್ತದೆ. ಮೊದಲಿಗೆ ಇದನ್ನು ರೂಪಿಸಿದ್ದು ಪ್ರಧಾನ ಖನಿಜಗಳಿಗಾಗಿ. ಸಿಮೆಂಟಿನ ಸುಣ್ಣಕಲ್ಲು ಆ ಗುಂಪಿಗೆ ಸೇರುತ್ತದೆ, ಶಹಾಬಾದಿ ಕಲ್ಲು ಮಾತ್ರ ರಾಜ್ಯದ ಉಪಖನಿಜ ನಿಯಮಗಳಿಗೆ ಒಳಪಡುತ್ತದೆ. ಚಿತ್ರದಲ್ಲಾದರೋ ಎರಡೂ ಎರೆನೆಲದ ನಡುವಿನ ಬಿಳಿಚಿದ ಕಲೆಗಳೇ, ಕೈಬಿಟ್ಟು ನೀರು ತುಂಬಿದ ಖಣಿಗಳು ಕಪ್ಪು ಚುಕ್ಕೆಗಳೇ. ಭೇದವಿರುವುದು ಕಡತದಲ್ಲಿ, ಕಲ್ಲಿನಲ್ಲಿ ಅಷ್ಟಾಗಿ ಇಲ್ಲ. ಮೇಲಿನಿಂದ ತೆಗೆದ ಒಂಟಿ ಚಿತ್ರ ಅಗಲವನ್ನಷ್ಟೇ ತೋರಿಸುವುದರಿಂದ, ಆಳದ ಅಂದಾಜಿಗೆ 2005ರ ಕಾರ್ಟೊಸ್ಯಾಟ್–1ರಂತಹ ಜೋಡಿಚಿತ್ರದ ಉಪಗ್ರಹಗಳು ಬೇಕಾಗುತ್ತವೆ.

1972ರಿಂದ ಸಂಗ್ರಹವಾಗಿರುವ ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಯಾರಿಗಾದರೂ ಉಚಿತ. ವಾಡಿ, ಶಹಾಬಾದ್ ಸುತ್ತಲಿನ ಖಣಿಗಳು ದಶಕದಿಂದ ದಶಕಕ್ಕೆ ಎತ್ತ ಹಬ್ಬಿದವು, ಎಷ್ಟು ಎರೆಹೊಲವನ್ನು ನುಂಗಿದವು ಎಂಬುದನ್ನು ಅಳೆಯುವ ಕೆಲಸವನ್ನು ಜಿಲ್ಲೆಯ ಕಾಲೇಜುಗಳ ಭೂಗೋಳ ವಿಭಾಗಗಳೇ ಕೈಗೆತ್ತಿಕೊಳ್ಳಬಹುದು.