ಪೋರ್ಟಲ್‌ಗೆ ಕಾಣದ ಆಳುಗಳು: ಚಾಮರಾಜನಗರ ಸೀಮೆಯ ಉದ್ಯೋಗ ಜಾಹೀರಾತು ಮತ್ತು ವಲಸೆ ಕೂಲಿಯ ಬೇಡಿಕೆ

ಯಾವ ಕಸುಬಿಗೆ ಆಳು ಸಾಲದೆಂಬುದನ್ನು ಜಾಹೀರಾತುಗಳಿಂದ ಅಳೆಯುವ ಕ್ರಮ ಹಳೆಯದು. ಅಮೆರಿಕದ ಕಾನ್ಫರೆನ್ಸ್ ಬೋರ್ಡ್ ಪತ್ರಿಕೆಗಳ 'ಬೇಕಾಗಿದ್ದಾರೆ' ಅಂಕಣಗಳನ್ನು ಎಣಿಸಿ ಕಟ್ಟಿದ ಸೂಚ್ಯಂಕ 1951ರಿಂದ ದೊರೆಯುತ್ತದೆ. 2005ರಲ್ಲಿ ಆ ಎಣಿಕೆ ಅಂತರ್ಜಾಲಕ್ಕೂ ಬಂತು. ನಮ್ಮಲ್ಲಿ ನೌಕ್ರಿ ಸಂಸ್ಥೆಯ ಜಾಬ್‌ಸ್ಪೀಕ್ ಸೂಚ್ಯಂಕವಿದೆ, 2015ರಲ್ಲಿ ಶುರುವಾದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ ಇದೆ.

ಈ ಅಳತೆಗೋಲಿಗೆ ಚಾಮರಾಜನಗರದಲ್ಲಿ ಸಿಗುವುದು ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ. ನಗರದ ಇನ್ನೊಂದು ಮಗ್ಗುಲಿನ ಹರದನಹಳ್ಳಿ ಸಿಗುವುದಿಲ್ಲ. ಗೋಸಲ ಚನ್ನಬಸವೇಶ್ವರರ ಮಠದಿಂದ ಹೆಸರಾದ ಆ ಊರಿನಲ್ಲಿ ಈಗ ಕೃಷಿ ವಿಜ್ಞಾನ ಕೇಂದ್ರವೇ ಇದೆ. ಆದರೂ ಸುತ್ತಲಿನ ಬಾಳೆ, ಅರಿಸಿನದ ಹೊಲಗಳಿಗೆ ಬೇಕಾದ ಆಳು ಯಾವ ಪೋರ್ಟಲ್‌ನಲ್ಲೂ ಖಾಲಿ ಹುದ್ದೆಯಾಗಿ ನಮೂದಾಗುವುದಿಲ್ಲ. ಹೀಗೆ ಬಿಟ್ಟುಹೋಗುವ ಪಾಲು ಸಣ್ಣದಲ್ಲ: 2011ರ ಜನಗಣತಿಯಂತೆ ಜಿಲ್ಲೆಯ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹಳ್ಳಿಗರು.

ಹೊಲದ ಆಳು ಲೆಕ್ಕಕ್ಕೆ ಸಿಗದಿರುವುದಕ್ಕೆ ಅಂತರ್ಜಾಲವನ್ನು ದೂರಬೇಕಾಗಿಲ್ಲ. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಲೇಬೇಕೆಂದ 1959ರ ಕಾಯ್ದೆಯೇ ಖಾಸಗಿ ಬೇಸಾಯದ ಕೂಲಿಯನ್ನೂ ಮನೆಗೆಲಸವನ್ನೂ ಮೂರು ತಿಂಗಳೊಳಗಿನ ಕೆಲಸವನ್ನೂ ಹೊರಗಿಟ್ಟಿತ್ತು. ಕಾಗದದಲ್ಲಿದ್ದ ಕುರುಡು ಪರದೆಗೂ ಹರಿದುಬಂದಿದೆ.

ಕೇರಳದ ಗಡಿಯಿಂದಾಗಿ ಲೆಕ್ಕ ಇನ್ನಷ್ಟು ತೊಡಕಾಗುತ್ತದೆ. ಗುಂಡ್ಲುಪೇಟೆಯಲ್ಲಿ ವಯನಾಡಿನ ಬೆಳೆಗಾರರು ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕುತ್ತಾರೆ. ಇದೇ ಸೀಮೆಯವರು, ಬುಡಕಟ್ಟು ಜನರಾದ ಸೋಲಿಗರೂ ಸೇರಿ, ಕೊಡಗಿನ ಕಾಫಿ ತೋಟಗಳಿಗೆ, ಕೇರಳಕ್ಕೆ ಕೂಲಿ ಹೋಗುತ್ತಾರೆ. ರಿಸರ್ವ್ ಬ್ಯಾಂಕಿನ ಕೈಪಿಡಿಯಂತೆ 2022-23ರಲ್ಲಿ ಕೇರಳದ ಕೃಷಿ ದಿನಗೂಲಿ ಸುಮಾರು 764 ರೂಪಾಯಿ, ದೇಶದ ಸರಾಸರಿ 345ರ ಆಸುಪಾಸು. ಇಷ್ಟು ಅಂತರವಿರುವಾಗ 'ಆಳು ಸಿಗುತ್ತಿಲ್ಲ' ಎಂಬ ಮಾತಿಗೆ 'ಈ ಕೂಲಿಗೆ' ಎಂಬ ಎರಡು ಪದ ಸೇರಿಸಿಯೇ ಓದಬೇಕು. ಇಂಥ ಕೆಲಸಕ್ಕೆ ಆಳು ಕೂಡಿಸುವವನು ಮೇಸ್ತ್ರಿ. ಅವನ ಜಾಹೀರಾತೆಂದರೆ ಫೋನ್ ಕರೆ, ಮುಂಗಡ ಹಣ.

ಹಾಗೆಂದು ಕಾರ್ಖಾನೆಯ ಜಾಹೀರಾತು ನಿರುಪಯುಕ್ತವಲ್ಲ. ಸಂಖ್ಯೆಗಿಂತ ಷರತ್ತು ಹೆಚ್ಚು ಹೇಳುತ್ತದೆ. 'ಬಸ್ ಸೌಕರ್ಯವಿದೆ' ಎಂದರೆ ಸುತ್ತಲ ಹಳ್ಳಿಯವರಿಗೆ ಕರೆ. 'ಊಟ, ವಸತಿ ಉಚಿತ' ಎಂದು ಹಿಂದಿಯಲ್ಲಿ ಬಂದರೆ ಹೊರರಾಜ್ಯದವರ ನಿರೀಕ್ಷೆ ಎಂದು ಊಹಿಸಬಹುದು. ಒಂದೇ ಕೆಲಸವನ್ನು ನಾಲ್ಕು ಗುತ್ತಿಗೆದಾರರು ಹಾಕಿದರೆ ಅದು ನಾಲ್ಕು ಕೊರತೆಯಲ್ಲ. ಮತ್ತೆಮತ್ತೆ ಬರುವ ಜಾಹೀರಾತಂತೂ ಇಬ್ಬಗೆಯದು: ಆಳು ಬರುತ್ತಿಲ್ಲವೋ, ಬಂದವರು ನಿಲ್ಲುತ್ತಿಲ್ಲವೋ? ಅದನ್ನು ಬಿಡಿಸಲು ಕಾರ್ಖಾನೆಯ ಸಂಬಳದ ಪಕ್ಕದಲ್ಲಿ ಅದೇ ತಿಂಗಳು ಅರಿಸಿನ ಕೀಳುವವರಿಗೆ ಮೇಸ್ತ್ರಿ ಕೊಟ್ಟ ಕೂಲಿಯನ್ನೂ ಬರೆದಿಡಬೇಕಾಗುತ್ತದೆ.