ಪೆದ್ದು ಸಸಿ ಕಲಿಸಿದ ಪಾಠ



ಭತ್ತ, ಗೋಧಿ, ರಾಗಿ, ಜೋಳ, ಕಬ್ಬು—ಇವೆಲ್ಲವೂ ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಹುಲ್ಲಿನ ಕುಲಕ್ಕೇ ಸೇರಿದವು. ಪೈರು ಎತ್ತರವಾಗಿ ಎದ್ದರೆ ನೋಡಿದವರ ಮನಸ್ಸು ಹಿಗ್ಗುವುದು ಸಹಜ. ಆದರೆ ಎತ್ತರವೆಲ್ಲ ಏಳಿಗೆಯಾಗಲಾರದು. ಬೆಳವಣಿಗೆಗೂ ಒಂದು ಹದವುಂಟು. ಈ ಹದವನ್ನು ಕಾಯುವ ಹಾರ್ಮೋನುಗಳನ್ನು ವಿಜ್ಞಾನಿಗಳು ಕಂಡುಕೊಂಡ ಚರಿತ್ರೆಯನ್ನು ಈ ಸಂಜೆ ತಮ್ಮಲ್ಲಿ ಅರಿಕೆ ಮಾಡುತ್ತೇನೆ.

ಚಾರ್ಲ್ಸ್ ಡಾರ್ವಿನ್ನರು ತಮ್ಮ ಮಗ ಫ್ರಾನ್ಸಿಸರ ನೆರವಿನಿಂದ 1880ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೆನರಿ ಹುಲ್ಲಿನ ಮೊಳಕೆಗಳ ಮೇಲೆ ನಡೆಸಿದ ಪ್ರಯೋಗಗಳುಂಟು. ಬೆಳಕಿನ ಕಡೆಗೆ ಬಾಗುವ ಮೊಳಕೆಯ ತುದಿಗೆ ಬೆಳಕು ತಾಗದಂತೆ ಟೋಪಿ ತೊಡಿಸಿದರೆ ಅದು ಬಾಗದು. ಬಾಗುವ ಭಾಗವು ಕೆಳಗಿದ್ದರೂ ಬೆಳಕನ್ನರಿಯುವುದು ತುದಿ. ಆದುದರಿಂದ ತುದಿಯಿಂದ ಯಾವುದೋ ಪ್ರಭಾವವು ಕೆಳಗಿಳಿಯುತ್ತಿರಬೇಕೆಂದು ಅವರು ಊಹಿಸಿದರು. 1926ರಲ್ಲಿ ಹಾಲೆಂಡಿನ ಉಟ್ರೆಕ್ಟ್ ನಗರದ ಫ್ರಿಟ್ಸ್ ವೆಂಟ್ ಎಂಬ ತರುಣರು ಓಟ್ಸ್ ಮೊಳಕೆಗಳ ತುದಿಗಳನ್ನು ಕತ್ತರಿಸಿ, ಲೋಳೆಯಂತಹ ಮೆತ್ತನೆಯ ಗಟ್ಟಿಯ ಮೇಲಿರಿಸಿದರು. ಬಳಿಕ ಆ ಗಟ್ಟಿಯ ತುಂಡನ್ನು ತುದಿಯಿಲ್ಲದ ಮೊಳಕೆಯ ಒಂದು ಪಕ್ಕಕ್ಕೆ ಕೂರಿಸಲು, ಮೊಳಕೆ ಕತ್ತಲೆಯಲ್ಲಿಯೇ ಬಾಗಿತು. ಡಾರ್ವಿನ್ನರು ಊಹಿಸಿದ ಪ್ರಭಾವವು ಒಂದು ದ್ರವ್ಯವೆಂದು ಸಿದ್ಧವಾಯಿತು. ಅದಕ್ಕೆ ಆಕ್ಸಿನ್ ಎಂದು ಹೆಸರಾಯಿತು.

ಅದೇ 1926ರಲ್ಲಿ, ಆಗ ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನ್ ದ್ವೀಪದಲ್ಲಿ, ಎಯಿಚಿ ಕುರೊಸಾವಾ ಎಂಬವರು ಭತ್ತದ ರೋಗವೊಂದನ್ನು ಪರೀಕ್ಷಿಸುತ್ತಿದ್ದರು. ರೋಗ ತಗುಲಿದ ಸಸಿಗಳು ಬಿಳಿಚಿಕೊಂಡು, ಮಿಕ್ಕವನ್ನು ಮೀರಿ ನೀಳವಾಗಿ ಬೆಳೆದು, ಕಾಳು ಕಟ್ಟದೆಯೇ ಸಾಯುತ್ತಿದ್ದುವು. ಜಪಾನೀ ರೈತರು ಇದನ್ನು ‘ಬಕನಾಯೆ’, ಎಂದರೆ ಪೆದ್ದು ಸಸಿ, ಎಂದು ಕರೆಯುತ್ತಿದ್ದರು. ರೋಗಕ್ಕೆ ಮೂಲ ಒಂದು ಬೂಷ್ಟು. ಆ ಬೂಷ್ಟು ಬೆಳೆದ ದ್ರವವನ್ನು ಸೋಸಿ, ಬೂಷ್ಟಿನ ಲೇಶವೂ ಇಲ್ಲದಂತೆ ಮಾಡಿ ಸಸಿಗಳಿಗೆ ಕೊಟ್ಟರೂ ಅವು ಹಾಗೆಯೇ ನೀಳವಾದುವು. ಈ ದ್ರವ್ಯಕ್ಕೆ 1935ರಲ್ಲಿ ಯಾಬುಟಾ ಅವರು ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಆರೋಗ್ಯವಂತ ಗಿಡಗಳೂ ಇದನ್ನು ಕಿಂಚಿತ್ತಾಗಿ ತಯಾರಿಸಿಕೊಳ್ಳುತ್ತವೆಂಬುದು 1950ರ ದಶಕದಲ್ಲಿ ತಿಳಿದುಬಂದಿತು. ರೋಗದ ವಿಷವೆಂದು ಕಂಡದ್ದು ಗಿಡದ ಮನೆಯ ಉಪ್ಪೇ ಆಗಿತ್ತು. ಮೀರಿದ್ದು ಅಳತೆ ಮಾತ್ರ.

ಈ ಅಳತೆಯ ಮೇಲೆಯೇ ಕೋಟ್ಯಂತರ ಜನರ ಅನ್ನ ನಿಂತಿತ್ತು. ಏಷ್ಯಾ ಖಂಡದ ಉದ್ದನೆಯ ಭತ್ತದ ತಳಿಗಳಿಗೆ ಗೊಬ್ಬರ ಹೆಚ್ಚಾದರೆ ದಂಟು ನೀಳವಾಗಿ ಪೈರು ನೆಲಕ್ಕೊರಗುತ್ತಿತ್ತು. ಹಾಕಿದ ಗೊಬ್ಬರವೇ ನಷ್ಟಕ್ಕೆ ದಾರಿಯಾಗುತ್ತಿತ್ತು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಇಂಡೊನೇಷ್ಯದ ‘ಪೇಟಾ’ ಎಂಬ ಎತ್ತರದ ತಳಿಯನ್ನು ತೈವಾನಿನ ಗಿಡ್ಡ ತಳಿಯೊಂದಿಗೆ ಸಂಕರಿಸಿ 1966ರಲ್ಲಿ ಐಆರ್ 8 ಎಂಬ ತಳಿಯನ್ನು ಬಿಡುಗಡೆ ಮಾಡಿದರು. ಗೊಬ್ಬರದ ಫಲ ದಂಟಿಗೆ ಹೋಗದೆ ಕಾಳಿಗೆ ಬಂದಿತು. ಗಿಡ್ಡತನದ ಗುಟ್ಟು ಹೊರಬಿದ್ದುದು 2002ರಲ್ಲಿ: ಜಿಬ್ಬರೆಲಿನನ್ನು ತಯಾರಿಸುವ ಒಂದು ಜೀನು ಆ ತಳಿಯಲ್ಲಿ ಕುಂದಿತ್ತು. ಕುರೊಸಾವಾ ಅವರು ಪೆದ್ದು ಸಸಿಯನ್ನು ಪರೀಕ್ಷಿಸಿದ ದ್ವೀಪವೇ ಈ ಗಿಡ್ಡ ತಳಿಯ ತವರೂ ಆಗಿದ್ದುದು ಸೋಜಿಗ.

ಕಷ್ಟಕಾಲದಲ್ಲಿಯೂ ಇದೇ ಹದ ಬೇಕು. ನೆರೆಯಲ್ಲಿ ಮುಳುಗಿದ ಸಾಮಾನ್ಯ ಭತ್ತದಲ್ಲಿ ಎಥಿಲೀನ್ ಎಂಬ ಅನಿಲರೂಪದ ಹಾರ್ಮೋನು ಶೇಖರವಾಗುತ್ತದೆ; ಜಿಬ್ಬರೆಲಿನ್ನಿನ ಪ್ರಭಾವ ಹೆಚ್ಚಿ, ಗಿಡವು ಗಾಳಿಗಾಗಿ ಮೇಲೇಳಲು ಹೆಣಗುತ್ತದೆ. ನೀರು ಬೇಗ ಇಳಿಯದಿದ್ದರೆ, ಕೂಡಿಟ್ಟ ಆಹಾರವೆಲ್ಲ ತೀರಿ ಸಾಯುತ್ತದೆ. ಒಡಿಶಾ ಸೀಮೆಯ ಎಫ್ಆರ್ 13ಎ ಎಂಬ ತಳಿ ಹಾಗಲ್ಲ. ಅದು ಬೆಳವಣಿಗೆಯನ್ನು ತಡೆದು, ಎರಡು ವಾರಗಳವರೆಗೆ ನೀರಿನಡಿಯಲ್ಲಿ ಸುಮ್ಮನಿರಬಲ್ಲದು. ಇದಕ್ಕೆ ಕಾರಣವಾದ ಜೀನನ್ನು 2006ರಲ್ಲಿ ಗುರುತಿಸಿದರು. ಆ ಗುಣವನ್ನು ಪಡೆದ ‘ಸ್ವರ್ಣಾ-ಸಬ್ 1’ ತಳಿಯು 2009ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾಯಿತು.

ಆದರೂ ತಡೆಯೇ ಸರ್ವತ್ರ ಲೇಸೆನ್ನುವಂತಿಲ್ಲ. ತಿಂಗಳುಗಟ್ಟಲೆ ಆಳವಾದ ನೀರು ನಿಲ್ಲುವೆಡೆಯ ಭತ್ತವು ನೀರಿನೊಡನೆ ಏರಿಯೇ ಬದುಕಬೇಕು. ಏಳುವ ಕಾಲವನ್ನೂ ತಾಳುವ ಕಾಲವನ್ನೂ ಬೇರ್ಪಡಿಸಿ ಅರಿತ ಹುಲ್ಲು ತಾನೂ ಬದುಕುತ್ತದೆ, ನಮ್ಮನ್ನೂ ಬದುಕಿಸುತ್ತದೆ.